ಫೆಜ್‌ನಲ್ಲಿ ಜೆಲ್ಲೀಜ್: ಗೈಡ್ ಜೊತೆ ನೋಡೋದಾ, ಕೂತು ಕಲಿಯೋದಾ, ಇಲ್ಲಾ ಸಾಫಿಗೆ ಹೋಗೋದಾ?

ಮೊರಾಕೊಗೆ ಹೊರಡುವ ಮೊದಲು ಅಮ್ಮ ಕೇಳಿದ್ದು ಒಂದೇ. "ಒಂಟೆ, ಮರಳುಗಾಡು ಎಲ್ಲ ಇದ್ದೇ ಇರತ್ತೆ. ಆ ಬಣ್ಣದ ಬಿಲ್ಲೆ ಜೋಡಿಸ್ತಾರಲ್ಲ, ಅದನ್ನ ಮಾಡೋ ಜಾಗ ತೋರಿಸು ಕಣೇ."

ಹಾಗಾಗಿ 12 ದಿನದ ಪ್ರವಾಸದಲ್ಲಿ ಮೂರು ಕಡೆ ಹೋದೆವು. ಒಂದು, ಫೆಜ್ ಊರಲ್ಲಿ ಗೈಡ್ ಕರೆದುಕೊಂಡು ಹೋದ ದೊಡ್ಡ ಕಾರ್ಖಾನೆ. ಇನ್ನೊಂದು, ಅದೇ ಫೆಜ್‌ನಲ್ಲಿ ದುಡ್ಡು ಕೊಟ್ಟು ಅರ್ಧ ದಿನ ಕೂತು ಕಲಿತ ಸಣ್ಣ ಕೆಲಸದ ಕೋಣೆ. ಮೂರನೆಯದು ಸಮುದ್ರದ ದಡದ ಸಾಫಿ ಊರಿನ ಕುಂಬಾರರ ಗುಡ್ಡ. ಮೊರಾಕೊಗೆ ಹೋಗುವವರಲ್ಲಿ ತುಂಬಾ ಜನ ಇಂಥ ಒಂದು ಜಾಗಕ್ಕಾದರೂ ಹೋಗುತ್ತಾರೆ. ಯಾವುದಕ್ಕೆ ಹೋದರೆ ಏನು ಸಿಗುತ್ತದೆ ಅಂತ ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಅಮ್ಮ ಹೇಳಿದ ಆ ಬಣ್ಣದ ಬಿಲ್ಲೆ ಕೆಲಸಕ್ಕೇ ಜೆಲ್ಲೀಜ್ ಅನ್ನುವುದು, ಮೊರಾಕೊದ ಮೊಸಾಯಿಕ್. ನಮ್ಮ ಕಡೆ ಮೊಸಾಯಿಕ್ ಅಂದರೆ ಕಲ್ಲಿನ ಚೂರನ್ನು ಸಿಮೆಂಟಿಗೆ ಕಲಸಿ, ಹಾಸಿ, ಮೆಷಿನ್ ಹಾಕಿ ಉಜ್ಜಿದ ನೆಲ. ಜೆಲ್ಲೀಜ್ ಅದಲ್ಲ. ಮಣ್ಣಿನ ಚೌಕ ಬಿಲ್ಲೆಯನ್ನು ಬಿಸಿಲಲ್ಲಿ ಒಣಗಿಸಿ, ಸುಟ್ಟು, ಬಣ್ಣದ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನ ಹಾಗೆ ಹೊಳೆಯುವ ಲೇಪ, ಹಾಕಿ ಮತ್ತೆ ಸುಡುತ್ತಾರೆ. ಆಮೇಲೆ ಅದನ್ನು ಸುತ್ತಿಗೆಯಿಂದ ನಕ್ಷತ್ರ, ಎಲೆ, ಪಟ್ಟಿ ಹೀಗೆ ಬೇಕಾದ ಆಕಾರಕ್ಕೆ ಕಡಿದು ಒಂದಕ್ಕೊಂದು ಕೂರಿಸುತ್ತಾರೆ. ಬಣ್ಣ ಬಳಿದು ಚಿತ್ರ ಬರೆಯುವುದಿಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ತುಂಡು.

ಈಗ ಗೈಡ್ ವಿಷಯ. ಫೆಜ್‌ನ ಹಳೇ ಊರಿನ ಓಣಿಗಳಲ್ಲಿ ದಾರಿ ತಪ್ಪದೆ ಇರುವುದು ಕಷ್ಟ, ಅದಕ್ಕೆ ಮೊದಲ ದಿನ ಗೈಡ್ ಇಟ್ಟುಕೊಂಡೆವು. ಸುತ್ತಾಟದ ಕೊನೆಗೆ ಅವರು ಕಾರಿನಲ್ಲಿ ಊರಾಚೆ ಐನ್ ನೊಕ್ಬಿ ಅನ್ನುವ ಕಡೆ ಕರೆದುಕೊಂಡು ಹೋದರು. ಊರಿನ ಕುಂಬಾರರ ದೊಡ್ಡ ಕಾರ್ಖಾನೆಗಳು ಇದ್ದದ್ದು ಅಲ್ಲಿ. ಮೊದಲು ಹಳೇ ಊರಿಗೆ ಅಂಟಿಕೊಂಡೇ ಇತ್ತಂತೆ. ಹೊಗೆ ಜಾಸ್ತಿ ಆಯಿತು ಅಂತ ಹೊರಗೆ ಸಾಗಿಸಿದರು. ಹೊಗೆ ಯಾಕೆ ಅಷ್ಟು ಅಂದರೆ, ಗೂಡಿಗೆ ಅವರು ಹಾಕುವುದು ಸೌದೆಯಲ್ಲ, ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ಅದು ಚೆನ್ನಾಗಿ ಉರಿಯುತ್ತದೆ, ಆದರೆ ಹೊಗೆ ಕಪ್ಪಗೆ ದಟ್ಟವಾಗಿ ಏಳುತ್ತದೆ. ದೂರದಿಂದಲೇ ಕಾಣಿಸುತ್ತಿತ್ತು.

ಆ ಕಾರ್ಖಾನೆಯಲ್ಲಿ ಒಂದು ಒಳ್ಳೆಯದಿದೆ. ಎಲ್ಲ ಹಂತವೂ ಸಾಲಾಗಿ ಸಿಗುತ್ತದೆ. ಗಟ್ಟಿ ಬೂದು ಮಣ್ಣಿನ ಹೆಂಟೆಗಳನ್ನು ನೀರಿನ ತೊಟ್ಟಿಯಲ್ಲಿ ನೆನೆಹಾಕಿರುತ್ತಾರೆ. ಪಕ್ಕದಲ್ಲಿ ಒಬ್ಬರು ತಿಗರಿಯ ಮುಂದೆ ಕೂತಿದ್ದರು. ನಮ್ಮಲ್ಲಿ ತಿಗರಿಯನ್ನು ಕೋಲು ಹಾಕಿ ತಿರುಗಿಸುವುದನ್ನು ಅಮ್ಮ ನೋಡಿದ್ದಾರೆ. ಅಲ್ಲಿ ಕೆಳಗಿನ ಚಕ್ರವನ್ನು ಕಾಲಲ್ಲಿ ಒದೆಯುತ್ತಾರೆ, ಎರಡು ಕೈಯೂ ಮಣ್ಣಿಗೇ ಸಿಗುತ್ತದೆ. ಮುಂದಿನ ಕೋಣೆಯಲ್ಲಿ ತಟ್ಟೆಗೆ ನೀಲಿ ಬಣ್ಣ ಬರೆಯುತ್ತಿದ್ದರು, ಕೋಬಾಲ್ಟ್‌ನಿಂದ ಬರುವ ನೀಲಿ. ಫೆಜ್ ಅಂದರೆ ಎಲ್ಲರಿಗೂ ನೆನಪಾಗುವುದು ಆ ನೀಲಿಯೇ. ಅದರ ಮುಂದೆ ಜೆಲ್ಲೀಜ್ ಕಡಿಯುವವರು, ಜೋಡಿಸುವವರು.

ಆದರೆ ಇದೆಲ್ಲ 25 ನಿಮಿಷದಲ್ಲಿ ಮುಗಿಯಿತು. ಅಮ್ಮ ಜೋಡಿಸುವವರ ಹತ್ತಿರ ಕೂತು ನೋಡಬೇಕು ಅಂದಾಗ "ಆಮೇಲೆ, ಆಮೇಲೆ" ಅಂತ ಮುಂದಕ್ಕೆ ಕರೆದರು. ಮುಂದೆ ಇದ್ದದ್ದು ಮಳಿಗೆ. ಅಲ್ಲಿ ಒಂದು ಗಂಟೆ. ಪುದೀನ ಚಹಾ ಕೊಟ್ಟರು, ಕಾರಂಜಿ ತೋರಿಸಿದರು, ಮೇಜು ತೋರಿಸಿದರು, ಬೆಂಗಳೂರಿಗೆ ಹಡಗಿನಲ್ಲಿ ಕಳಿಸ್ತೀವಿ ಅಂದರು. ಬೇಡ ಅಂದಷ್ಟೂ ಹೊಸಬರೊಬ್ಬರು ಬಂದು ಮತ್ತೆ ಶುರು ಮಾಡುತ್ತಿದ್ದರು. ಕೊನೆಗೆ ಅಂಗೈ ಎರಡರಷ್ಟು ಅಗಲದ ಒಂದು ತಟ್ಟೆಗೆ 350 ದಿರ್ಹಾಮ್ ಕೊಟ್ಟು ಹೊರಬಂದೆವು. ಆಗ ಒಂದು ದಿರ್ಹಾಮ್‌ಗೆ ಸುಮಾರು 9 ರೂಪಾಯಿ ಇತ್ತು. ಲೆಕ್ಕ ಹಾಕಿಕೊಳ್ಳಿ. ನೋಡೋದಕ್ಕೆ ಟಿಕೆಟ್ ಇಲ್ಲ ಅನ್ನುವುದು ನಿಜ, ಆದರೆ ಕರೆತಂದವರಿಗೂ ಆ ಬೆಲೆಯಲ್ಲಿ ಪಾಲಿರುತ್ತದೆ. ನನಗೆ ಬೇಜಾರಾದದ್ದು ದುಡ್ಡಿಗಿಂತ ಅಮ್ಮನನ್ನು ಎಬ್ಬಿಸಿಕೊಂಡು ಹೋದದ್ದಕ್ಕೆ.

ಮಾರನೇ ದಿನ ನಾವು ಉಳಿದುಕೊಂಡಿದ್ದ ಮನೆಯ ಯಜಮಾನಿಗೆ ಈ ಕಥೆ ಹೇಳಿದೆ. "ನಿಮಗೆ ನೋಡಬೇಕೋ, ಕೈಯಲ್ಲಿ ಮಾಡಬೇಕೋ?" ಅಂತ ಕೇಳಿದರು. ಮಾಡಬೇಕು ಅಂದೆವು. ಅವರೇ ಫೋನ್ ಮಾಡಿ ಹೇಳಿದರು. ಒಬ್ಬರಿಗೆ 450 ದಿರ್ಹಾಮ್, ಮೂರು ಗಂಟೆ. ಕಡಿಮೆಯೇನಲ್ಲ.

ಹಳೇ ಊರಿನ ಒಳಗೇ ಒಂದು ಸಣ್ಣ ಕೋಣೆ. ಗೋಡೆಗೆ ಒರಗಿಸಿದ ಬಿಲ್ಲೆಗಳು, ನೆಲದ ತುಂಬಾ ಬಣ್ಣಬಣ್ಣದ ಚೂರು. ಮೂರೇ ಜನ ಕೆಲಸದವರು. ಕೈಚಳಕ ಗೊತ್ತಿರುವ ಹಿರಿಯರನ್ನು ಅಲ್ಲಿ ಮಾಲೆಮ್ ಅಂತ ಕರೆಯುತ್ತಾರೆ, ನಮ್ಮಲ್ಲಿ ಮೇಸ್ತ್ರಿ ಅನ್ನುತ್ತೇವಲ್ಲ ಹಾಗೆ. ಹೆಸರು ಹಿಡಿದು ಕೂಗುವುದಿಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಹುಡುಗನೊಬ್ಬ ಹೇಳುತ್ತಿದ್ದ. ಅರ್ಧ ಗಂಟೆಯಾದ ಮೇಲೆ ಅವನೂ ಬೇಕಾಗಲಿಲ್ಲ.

ಸುತ್ತಿಗೆಗೆ ಮೆಂಕಾಶ್ ಅನ್ನುತ್ತಾರೆ. ಎರಡೂ ತುದಿ ಉಳಿಯ ಹಾಗೆ ಚಪ್ಪಟೆ, ಚೂಪು. ನೋಡೋದಕ್ಕೆ ಚಿಕ್ಕದು, ಕೈಗೆ ತೆಗೆದುಕೊಂಡರೆ ಭಾರ. ನೆಲದಲ್ಲಿ ಕೂತು, ಮುಂದಿರುವ ಅಡಿಗಲ್ಲಿನ ಮೇಲೆ ಬಿಲ್ಲೆಯನ್ನು ಗ್ಲೇಜ್ ಇರುವ ಮುಖ ಮೇಲೆ ಬರುವ ಹಾಗೆ ಹಿಡಿಯಬೇಕು. ಬಿಳಿ ಬಣ್ಣದಲ್ಲಿ ಗೆರೆ ಮೊದಲೇ ಎಳೆದಿರುತ್ತದೆ. ಆ ಗೆರೆ ಅಡಿಗಲ್ಲಿನ ಅಂಚಿಗೆ ಸರಿಯಾಗಿ ಬರಬೇಕು. ಮೊದಲ ಏಟಿಗೇ ನನ್ನ ಬಿಲ್ಲೆ ಎರಡು ಹೋಳಾಯಿತು. ಮಾಲೆಮ್ ನನ್ನ ಮಣಿಕಟ್ಟನ್ನು ಹಿಡಿದು ಸಡಿಲ ಮಾಡಿದರು. ಬಲ ಹಾಕಬಾರದು. ಸುತ್ತಿಗೆಯನ್ನು ಎತ್ತುವುದಷ್ಟೇ ನಮ್ಮ ಕೆಲಸ, ಬೀಳುವುದು ಅದರ ಭಾರಕ್ಕೇ. ಟಕ್, ಟಕ್, ಟಕ್. ಸಣ್ಣ ಸಣ್ಣ ಏಟು, ಬಿಲ್ಲೆಯನ್ನು ಎಡಗೈಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಬೇಕು.

ಅವರು ಕಡಿದ ಒಂದು ತುಂಡನ್ನು ಮಗುಚಿ ತೋರಿಸಿದರು. ಆಗ ನನಗೆ ಜೆಲ್ಲೀಜ್ ಅರ್ಥವಾಯಿತು. ಮುಂದಿನ ಮುಖ ಅಗಲ, ಹಿಂದಿನ ಮುಖ ಕಿರಿದು. ಅಂಚನ್ನು ಒಳಗಡೆಗೆ ಓರೆಯಾಗಿ ಕೆತ್ತಿರುತ್ತಾರೆ. ಹಾಗಿದ್ದರೆ ಮಾತ್ರ ಎರಡು ತುಂಡು ಮುಂದೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರುತ್ತವೆ, ಹಿಂದೆ ಗಾರೆ ಹಿಡಿಯಲು ಜಾಗ ಉಳಿಯುತ್ತದೆ. ಹಿಂದಿನ ದಿನ ಕಾರ್ಖಾನೆಯಲ್ಲಿ ಸಾವಿರ ತುಂಡು ನೋಡಿದ್ದೆ. ಒಂದನ್ನೂ ಮಗುಚಿ ನೋಡಿರಲಿಲ್ಲ.

ಮೂರು ಗಂಟೆಯಲ್ಲಿ ನಾನು ಕಡಿದದ್ದರಲ್ಲಿ ಬಳಸಲು ಬಂದದ್ದು 9 ತುಂಡು. ಅಮ್ಮ ಕಡಿಯಲಿಲ್ಲ, ಜೋಡಿಸಲು ಕೂತರು. ಜೋಡಿಸುವುದು ಮಗುಚಿ. ಬಣ್ಣದ ಮುಖ ನೆಲಕ್ಕೆ, ಬರಿ ಮಣ್ಣಿನ ಬೆನ್ನು ನಮ್ಮ ಕಡೆಗೆ. ಯಾವ ತುಂಡು ನೀಲಿ, ಯಾವುದು ಬಿಳಿ ಅಂತ ಕಾಣುವುದೇ ಇಲ್ಲ. ಎಲ್ಲ ತಲೆಯಲ್ಲಿರಬೇಕು. ಪೂರ್ತಿ ಜೋಡಿಸಿದ ಮೇಲೆ ಹಿಂದಿನಿಂದ ಗಾರೆ ಸುರಿದು, ಗಟ್ಟಿಯಾದ ಮೇಲೆ ಎತ್ತಿ ತಿರುಗಿಸಿದಾಗಲೇ ಸರಿಯೋ ತಪ್ಪೋ ಗೊತ್ತಾಗುವುದು.

ಅಮ್ಮನಿಗೆ ಕೊಟ್ಟದ್ದು ಎಂಟು ಮೂಲೆಯ ನಕ್ಷತ್ರ, ಅದನ್ನು ಖಾತಮ್ ಅನ್ನುತ್ತಾರೆ. ಅಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ, "ಎರಡು ಚೌಕ ಕಣೇ. ಒಂದರ ಮೇಲೆ ಒಂದು ಓರೆಯಾಗಿ ಇಟ್ಟಿದ್ದಾರೆ ಅಷ್ಟೇ" ಅಂದರು. ಆಮೇಲೆ ಅವರ ಕೈ ನಿಲ್ಲಲಿಲ್ಲ. ನಡುವಿನಿಂದ ಶುರು ಮಾಡಿ ಸುತ್ತಲೂ ಹೊರಗೆ ಬಂದರು, ರಂಗೋಲಿಯನ್ನು ಎಳೆಯುವ ಹಾಗೇ. ಒಂದು ಕಡೆ ಮಾತ್ರ ತಪ್ಪಿತು. ಮಾಲೆಮ್ ಏನೂ ಹೇಳದೆ ಆ ತುಂಡಿನ ಮೇಲೆ ಬೆರಳಿಟ್ಟು ಕಾದರು. ಅಮ್ಮ ಯೋಚಿಸಿ ತಾವೇ ಬದಲಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಎದುರುಬದುರು ಕೂತು ತಲೆಯಾಡಿಸುತ್ತಿದ್ದರು. ನನಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾದದ್ದು ಆ ಅರ್ಧ ಗಂಟೆ.

ಅಲ್ಲಿ ಸಿಗದೇ ಇರುವುದೂ ಇದೆ. ಮಣ್ಣು ಹದ ಮಾಡುವುದು, ತಿಗರಿ, ಗೂಡು ಯಾವುದೂ ಕಾಣುವುದಿಲ್ಲ. ಸುಟ್ಟ ಬಿಲ್ಲೆ ಹೊರಗಿನಿಂದ ಬಂದಿರುತ್ತದೆ. ಗ್ಲೇಜ್ ಚೂರು ಗಾಜಿನ ಹಾಗೆ ಸಿಡಿಯುತ್ತದೆ, ಕನ್ನಡಕ ಹಾಕಿಕೊಂಡೇ ಕೂರಬೇಕು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನೆಲದಲ್ಲಿ ಕೂರಲು ಆಗದವರಿಗೆ ಕಷ್ಟ, ಅಮ್ಮನಿಗೆ ಅವರು ಒಂದು ಗಿಡ್ಡ ಮಣೆ ಕೊಟ್ಟರು.

ಅದೇ ಸಂಜೆ ಬೂ ಇನಾನಿಯಾ ಮದರಸಾಕ್ಕೆ ಹೋದೆವು. 1350ರ ದಶಕದ ಕಟ್ಟಡ. ಕೆಳಗೆ ಜೆಲ್ಲೀಜ್, ಅದರ ಮೇಲೆ ಗಾರೆಯ ಕೆತ್ತನೆ, ಮೇಲೆ ದೇವದಾರು ಮರ. ಮೊದಲ ದಿನ ಗೈಡ್ ಜೊತೆ ಬಂದಾಗ "ಅಬ್ಬಾ, ಎಷ್ಟು ಚೆಂದ" ಅಂದು ಫೋಟೊ ತೆಗೆದು ಹೊರಟಿದ್ದೆವು. ಈ ಸಲ ಅಮ್ಮ ಗೋಡೆಯ ಹತ್ತಿರ ಹೋಗಿ ಒಂದು ನಕ್ಷತ್ರದ ನಡುವಿನಿಂದ ಕಣ್ಣು ಹಾಯಿಸುತ್ತಾ ಪಕ್ಕದ ನಕ್ಷತ್ರದವರೆಗೆ ಬಂದರು. ತುಂಡುಗಳ ಮೇಲ್ಮೈ ಒಂದೇ ಸಮ ಇಲ್ಲ, ಒಂದೊಂದೂ ಬೆಳಕನ್ನು ಒಂದೊಂದು ಥರ ಹಿಡಿಯುತ್ತದೆ. ಅದಕ್ಕೇ ಗೋಡೆ ನೀರಿನ ಹಾಗೆ ಮಿನುಗುತ್ತದೆ. 1323ರಿಂದ 1325ರ ನಡುವೆ ಕಟ್ಟಿದ ಅತ್ತಾರೀನ್ ಮದರಸಾವನ್ನೂ ಮರುದಿನ ಹೀಗೇ ನಿಧಾನಕ್ಕೆ ನೋಡಿದೆವು. ತುಂಬಾ ಹೊತ್ತು ಕೂತಿದ್ದೆವು, ಯಾರೂ ಎಬ್ಬಿಸಲಿಲ್ಲ.

ಸಾಫಿ ಬೇರೆಯದೇ ಲೋಕ. ಮರ್ರಾಕೇಶ್‌ನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ಪ್ರವಾಸಿಗರು ಕಡಿಮೆ, ಮೀನಿನ ಊರು. ಬಾಬ್ ಶಾಬಾ ಅನ್ನುವ ಬಾಗಿಲ ಹತ್ತಿರ ಪಿಂಗಾಣಿ ಅಂಗಡಿಗಳ ಸಾಲು, ಹಿಂದೆ ಕುಂಬಾರರ ಗುಡ್ಡ. ಗುಡ್ಡದ ತುಂಬಾ ಗೂಡುಗಳು, ಒಣಗಲು ಇಟ್ಟ ಮಡಕೆಗಳ ಸಾಲುಗಳು. ಸಲಾಮ್ ಹೇಳಿ ನಿಂತರೆ ಯಾರೂ ಬೇಡ ಅನ್ನಲಿಲ್ಲ, ಯಾರೂ ಕೊಳ್ಳಿ ಅಂತಲೂ ಹಿಂದೆ ಬೀಳಲಿಲ್ಲ. ಒಬ್ಬರು ಗೂಡಿನಿಂದ ತಟ್ಟೆಗಳನ್ನು ಇಳಿಸುತ್ತಿದ್ದರು. ತಟ್ಟೆಯ ನಡುವೆ ಮೂರು ಸಣ್ಣ ಚುಕ್ಕೆ ಗಾಯದ ಹಾಗಿತ್ತು. ಒಡೆದಿದೆಯಾ ಅಂತ ಕೇಳಿದೆ. ಅವರು ಮೂರು ಕಾಲಿನ ಒಂದು ಮಣ್ಣಿನ ಬಿಲ್ಲೆ ತೋರಿಸಿದರು. ಗೂಡಿನಲ್ಲಿ ತಟ್ಟೆಯ ಮೇಲೆ ತಟ್ಟೆ ಇಡುವಾಗ ಒಂದಕ್ಕೊಂದು ಅಂಟದಿರಲಿ ಅಂತ ನಡುವೆ ಅದನ್ನು ಇಡುತ್ತಾರೆ, ಅದರ ಕಾಲಿನ ಗುರುತು ಅದು. ಫೆಜ್‌ನಲ್ಲಿ ಕೊಂಡ ತಟ್ಟೆಯಲ್ಲೂ ಆ ಮೂರು ಚುಕ್ಕೆ ಇದೆ ಅಂತ ರೂಮಿಗೆ ಬಂದು ನೋಡಿದಾಗ ಗೊತ್ತಾಯಿತು.

ಸಾಫಿಯಲ್ಲಿ ಕೊಂಡ ಅಷ್ಟೇ ಅಗಲದ ತಟ್ಟೆಗೆ 80 ದಿರ್ಹಾಮ್. ಫೆಜ್‌ನ ಕುಂಚದ ಕೆಲಸ ಜಾಸ್ತಿ ನವಿರು, ಅದು ಒಪ್ಪಬೇಕಾದ ಮಾತೇ. ಆದರೂ ನಾಲ್ಕು ಪಟ್ಟಿಗೂ ಜಾಸ್ತಿ ಬೆಲೆ ಕೊಡುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ. ಜೆಲ್ಲೀಜ್ ಮಾತ್ರ ನಾವು ಹೋದ ಕಡೆ ಯಾರೂ ಕಡಿಯುತ್ತಿರಲಿಲ್ಲ. ಮಡಕೆ, ತಟ್ಟೆ, ತಾಜೀನ್ ಅನ್ನುವ ಮುಚ್ಚಳದ ಅಡುಗೆ ಪಾತ್ರೆ ಇಷ್ಟೇ. ಮೆಟ್ಟಿಲು ತುಂಬಾ, ನೆರಳು ಕಡಿಮೆ. ಅಮ್ಮ ಅರ್ಧ ಗುಡ್ಡಕ್ಕೇ ಕೂತುಬಿಟ್ಟರು. ಭಾಷೆ ತಿಳಿದವರು ಜೊತೆಗಿಲ್ಲದಿದ್ದರೆ ನೋಡಿದ್ದೆಲ್ಲ ಅರ್ಥವಾಗುವುದೂ ಇಲ್ಲ.

ಎಲ್ಲಿ ಕೊಂಡರೂ ಎರಡು ವಿಷಯ ನೆನಪಿರಲಿ. ಮಡಕೆ ಕೊಳ್ಳುವಾಗ ತಟ್ಟಿ ನೋಡ್ತೀವಲ್ವಾ, ತಟ್ಟೆಯನ್ನೂ ಹಾಗೇ ತಟ್ಟಿ. ಟಿಣ್ ಅಂದರೆ ಸರಿ, ಮಂಕಾಗಿ ಸದ್ದು ಬಂದರೆ ಎಲ್ಲೋ ಕಾಣದ ಬಿರುಕಿದೆ. ಇನ್ನೊಂದು, ಹಳೇ ಪದ್ಧತಿಯ ಗ್ಲೇಜ್‌ನಲ್ಲಿ ಸೀಸ ಇರಬಹುದು. ಹುಳಿ ತಾಗಿದರೆ ಅದು ಊಟಕ್ಕೆ ಬಿಡುತ್ತದೆ. ಹುಣಸೆ ಹಾಕಿದ ಸಾರು, ನಿಂಬೆ ಉಪ್ಪಿನಕಾಯಿ, ಮೊಸರು ಇವನ್ನು ಅದರಲ್ಲಿ ಇಡಬೇಡಿ. ನಾವು ಎರಡು ತಟ್ಟೆಯನ್ನೂ ಗೋಡೆಗೆ ಹಾಕಿದ್ದೇವೆ.

ಮತ್ತೆ ಹೋದರೆ ನಾನು ಹೀಗೆ ಮಾಡುತ್ತೇನೆ. ಫೆಜ್‌ಗೆ ಹೋದ ಮೊದಲ ಬೆಳಿಗ್ಗೆಯೇ ಕಲಿಯಲು ಕೂರುವುದು, ಮದರಸಾಗಳನ್ನು ನೋಡುವುದು ಆಮೇಲೆ. ನಾವು ತಿರುಗುಮುರುಗು ಮಾಡಿ ಒಂದು ದಿನ ಕಳೆದುಕೊಂಡೆವು. ಗೂಡು, ತಿಗರಿ ನೋಡಬೇಕಿದ್ದರೆ ಗೈಡ್ ಇಲ್ಲದೆ ಕೆಂಪು ಟ್ಯಾಕ್ಸಿಯಲ್ಲಿ ಐನ್ ನೊಕ್ಬಿಗೆ ಹೋಗುವುದು, ಮೊದಲೇ "ನೋಡೋಕೆ ಮಾತ್ರ" ಅಂತ ಹೇಳಿ, ಕೆಲಸ ತೋರಿಸಿದವರ ಕೈಗೆ 20 ದಿರ್ಹಾಮ್ ಕೊಡುವುದು. ಕೈಯಲ್ಲಿ ಒಂದೇ ದಿನ ಇರುವವರು, ಮಕ್ಕಳ ಜೊತೆ ಹೋಗುವವರು ಗೈಡ್ ತೋರಿಸುವ ಕಾರ್ಖಾನೆಗೇ ಹೋಗಲಿ, ತಪ್ಪಿಲ್ಲ, ಎಲ್ಲ ಹಂತ ಒಟ್ಟಿಗೆ ಕಾಣುತ್ತದೆ. ಆದರೆ ಅಲ್ಲಿ ಏನೂ ಕೊಳ್ಳಬೇಡಿ. ಕೊಳ್ಳುವುದಿದ್ದರೆ ಸಾಫಿಯಲ್ಲಿ. ಶುಕ್ರವಾರ ಮಧ್ಯಾಹ್ನ ನಮಾಜ್‌ಗೆ ಕೆಲಸ ನಿಲ್ಲುತ್ತದೆ, ಆ ದಿನ ಇಟ್ಟುಕೊಳ್ಳಬೇಡಿ.

ಅಮ್ಮ ಜೋಡಿಸಿದ ಖಾತಮ್ ಒಂದು ಗೇಣು ಅಗಲ ಇದೆ. ಗಾರೆ ಒಣಗಲು ಎರಡು ದಿನ ಬೇಕು ಅಂದರು, ಊರು ಬಿಡುವ ದಿನ ಹುಡುಗ ಹಳೇ ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಅಮ್ಮ ಅದನ್ನು ಚೀಲಕ್ಕೆ ಹಾಕಲು ಬಿಡಲಿಲ್ಲ, ಬೆಂಗಳೂರು ಮುಟ್ಟುವವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಬಂದರು.