ಓಟದ ಗಡಿಯಾರವೋ, ಆಟದ ವಿಡಿಯೊವೋ?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಹತ್ತಿರ ಬಂದಾಗ ಕಾಲೇಜು ಆಟಗಾರರನ್ನು ಅಳೆಯಲು ಎರಡು ಅಳತೆಗೋಲು ಕೈಗೆ ಸಿಗುತ್ತವೆ. ಡ್ರಾಫ್ಟ್‌ಗೆ ಮುಂಚೆ ಓಟ, ಜಿಗಿತ ಅಳೆಯುವ ಕಂಬೈನ್ ಪರೀಕ್ಷೆಯ ಅಂಕಿಗಳು ಒಂದು, ಪಂದ್ಯದ ವಿಡಿಯೊ ಇನ್ನೊಂದು. ಯಾವುದನ್ನು ಜಾಸ್ತಿ ನಂಬಬೇಕು? 2017ರ ಡ್ರಾಫ್ಟ್‌ನ ಇಬ್ಬರು ರಿಸೀವರ್‌ಗಳನ್ನು (ಎಸೆದ ಚೆಂಡನ್ನು ಹಿಡಿದು ಓಡುವವರು) ಅಕ್ಕಪಕ್ಕ ಇಟ್ಟು ನೋಡಿ.

ಜಾನ್ ರಾಸ್ 40 ಗಜವನ್ನು 4.22 ಸೆಕೆಂಡಿನಲ್ಲಿ ಓಡಿದರು. ಆಗ ಅದೇ ಕಂಬೈನ್ ದಾಖಲೆ. ಸಿನ್ಸಿನಾಟಿ ಬೆಂಗಾಲ್ಸ್ ತಂಡ ಅವರನ್ನು 9ನೇ ಆಯ್ಕೆಯಾಗಿ ಕರೆದುಕೊಂಡಿತು. ಮೊದಲ ವರ್ಷ ಒಂದೂ ಕ್ಯಾಚ್ ಬರಲಿಲ್ಲ.

ಕೂಪರ್ ಕಪ್ ಅದೇ ದೂರಕ್ಕೆ 4.62 ಸೆಕೆಂಡ್ ತೆಗೆದುಕೊಂಡರು. ಆಡಿದ್ದು ಕೆಳಹಂತದ ಈಸ್ಟರ್ನ್ ವಾಷಿಂಗ್ಟನ್ ತಂಡಕ್ಕೆ. ರ್‍ಯಾಮ್ಸ್ ತಂಡ ಅವರನ್ನು ಆರಿಸಿದ್ದು 69ನೇ ಆಯ್ಕೆಯಾಗಿ. ಆದರೆ ಅವರ ವಿಡಿಯೊ ನೋಡಿದರೆ ಬೇರೆಯದೇ ಚಿತ್ರ. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಎದುರಾಳಿಗಳು ದುರ್ಬಲ ಅಲ್ವಾ ಅನ್ನಬಹುದು. ಅದಕ್ಕೇ 2015ರ ಆರೆಗನ್ ಪಂದ್ಯ ನೋಡಬೇಕು: ದೊಡ್ಡ ತಂಡದ ವಿರುದ್ಧ 15 ಕ್ಯಾಚ್, 246 ಗಜ. ಎನ್‌ಎಫ್‌ಎಲ್‌ನ 2021ರ ಸೀಸನ್‌ನಲ್ಲಿ 1,947 ಗಜ ಗಳಿಸಿದರು. ಆ ಸೀಸನ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಅವರೇ ಶ್ರೇಷ್ಠ ಆಟಗಾರ, ಅದೂ ಬೆಂಗಾಲ್ಸ್ ವಿರುದ್ಧ!

ರಿಸೀವರ್ ಆರಿಸುವಾಗ ನಾನು ವಿಡಿಯೊ ಕಡೆಗೇ. ಅವರನ್ನು ಬೆನ್ನಟ್ಟುವ ಕಾರ್ನರ್‌ಬ್ಯಾಕ್ ಆದರೆ ಗಡಿಯಾರಕ್ಕೂ ಬೆಲೆ ಕೊಡುತ್ತೇನೆ. ಗಾಯಗಳ ಇತಿಹಾಸವನ್ನಂತೂ ಮರೆಯಬೇಡಿ. ಮೊಣಕಾಲಿನ ಗಾಯದಿಂದ ರಾಸ್ 2015ರ ಇಡೀ ಸೀಸನ್ ಆಡಿರಲಿಲ್ಲ.