ರಸೀದಿಯಿಲ್ಲದ ಕಂತು: ಅಂಗಳದ ದೀಪಗಳ ಸಾಲದಲ್ಲಿ ನಮಗಾದ ನಷ್ಟ

ಮನೆಯ ಹೊರಗಿನ ದೀಪಗಳಿಗಾಗಿ ಮಾಡಿದ ₹42,000 ಸಾಲದಲ್ಲಿ ನಾವು ಒಂದು ಕಂತನ್ನು ಎರಡು ಸಲ ಕಟ್ಟಿದ್ದೇವೆ. ಕಟ್ಟಿದ ಹಣ ಕಟ್ಟಿಲ್ಲವೆಂದು ದಾಖಲಾದ ಕಾರಣ ಮಗಳ ಶಿಕ್ಷಣ ಸಾಲವೂ ತಡವಾಯಿತು. ಅಂಗಡಿಯಲ್ಲೇ ನಿಂತು ಹತ್ತು ನಿಮಿಷದಲ್ಲಿ ಸಾಲ ಪಡೆಯುವ ವ್ಯವಸ್ಥೆ ಈಗ ಎಲ್ಲ ಊರುಗಳಿಗೂ ಬಂದಿರುವುದರಿಂದ, ನಮ್ಮ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಸಾಗರದ ಹೊರವಲಯದಲ್ಲಿದೆ. 2023ರ ಡಿಸೆಂಬರ್‌ನಲ್ಲಿ ಗೇಟಿನ ಕಂಬಗಳಿಗೆ ಎರಡು, ಜಗಲಿಯ ಗೋಡೆಗೆ ನಾಲ್ಕು, ಕೊಟ್ಟಿಗೆಯ ಕಡೆಗೆ ಎರಡು ದೀಪಗಳನ್ನು ವೈರಿಂಗ್ ಸಹಿತ ಹಾಕಿಸಿದೆವು. ತಿಂಗಳಿಗೆ ₹3,500ರಂತೆ 12 ಕಂತು. ಅಂಗಡಿಯ ಒಳಗೆ ನನ್ನ ಫೋನಿಗೆ ಸಿಗ್ನಲ್ ಸಿಗದೆ ಓಟಿಪಿ ಬರಲಿಲ್ಲ. ಅಲ್ಲಿನ ಹುಡುಗ ತನ್ನ ಫೋನಿನ ಸಂಖ್ಯೆಯನ್ನೇ ಹಾಕಿ ಕೆಲಸ ಮುಗಿಸಿಕೊಟ್ಟ. ಸಹಾಯ ಮಾಡಿದನೆಂದು ನಾನು ಅವನಿಗೆ ಧನ್ಯವಾದ ಹೇಳಿ ಬಂದೆ. ಮುಂದಿನ ಎಲ್ಲ ತೊಂದರೆಯೂ ಆ ಒಂದು ಸಂಖ್ಯೆಯಿಂದಲೇ ಹುಟ್ಟಿತು: ಸಾಲದ ಕರಾರು, ದೀಪಗಳ ಬಿಲ್ಲು, ವಾರಂಟಿ, ಪ್ರತಿ ಕಂತಿನ ಸಂದೇಶ, ಎಲ್ಲವೂ ಆ ಹುಡುಗನ ಫೋನಿಗೆ ಹೋಗುತ್ತಿದ್ದವು. ಕೆಲವು ತಿಂಗಳಲ್ಲಿ ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ.

ಜೂನ್ ತಿಂಗಳ ಮಳೆ ಹಿಡಿದ ಎರಡನೆಯ ವಾರದಲ್ಲಿ ಗೇಟಿನ ದೀಪಗಳು ಕೆಟ್ಟವು. ಬಿಚ್ಚಿ ನೋಡಿದರೆ ಗಾಜಿನೊಳಗೆ ಎರಡು ಬೆರಳಿನಷ್ಟು ನೀರು, ಅದರ ಮೇಲೆ ತೇಲುತ್ತಿದ್ದ ಹುಳಗಳು. ದೀಪದ ತಳದಲ್ಲಿ ಸಣ್ಣಕ್ಷರದಲ್ಲಿ ಐಪಿ44 ಎಂದಿತ್ತು. ಈ ಎರಡು ಅಂಕೆಗಳಲ್ಲಿ ಮೊದಲನೆಯದು ಧೂಳು, ಹುಳಗಳಂತಹ ವಸ್ತುಗಳಿಂದ ಇರುವ ರಕ್ಷಣೆಯನ್ನೂ ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನೂ ಸೂಚಿಸುತ್ತವೆ. 44 ಎಂದರೆ ನೀರು ಸಿಡಿದರೆ ತಡೆಯುತ್ತದೆ ಎಂದಷ್ಟೇ ಅರ್ಥ. ಸೂರಿನ ಕೆಳಗಿನ ಗೋಡೆಗೆ ಅದು ಸಾಕಾಗಬಹುದು, ಮಲೆನಾಡಿನ ಗಾಳಿಮಳೆಗೆ ಮೈಯೊಡ್ಡಿ ನಿಂತ ಕಂಬಕ್ಕೆ ಕನಿಷ್ಠ ಐಪಿ65 ಬೇಕು. ಅದರ ಮೇಲೆ ವೈರನ್ನು ಮೇಲಿನಿಂದ ತೂತು ಕೊರೆದು ಇಳಿಸಿದ್ದರಿಂದ ನೀರು ವೈರಿನ ಗುಂಟವೇ ಒಳಗೆ ಇಳಿದಿತ್ತು. ವೈರು ಯಾವಾಗಲೂ ಕೆಳಗಿನಿಂದ, ರಬ್ಬರ್ ಬಿಗಿತವಿರುವ ಗ್ಲ್ಯಾಂಡಿನ ಮೂಲಕ ಒಳಹೋಗಬೇಕು. ಹುಳಗಳಿಗೂ ಪರಿಹಾರವಿದೆ: 6500 ಕೆಲ್ವಿನ್‌ನ ಬೆಳ್ಳನೆಯ ಬೆಳಕಿಗಿಂತ 3000 ಕೆಲ್ವಿನ್‌ನ ಹಳದಿ ಬೆಳಕಿಗೆ ಅವು ಕಡಿಮೆ ಮುತ್ತುತ್ತವೆ. ಕೊಳ್ಳುವ ಮೊದಲು ನನಗೆ ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಿಲ್ಲಿಲ್ಲದೆ ವಾರಂಟಿ ಇಲ್ಲವೆಂದು ಅಂಗಡಿಯವರು ಕೈಚೆಲ್ಲಿದರು. ಆ ಸಿಟ್ಟಿನಲ್ಲಿ ನಾನು ಜುಲೈ ಮತ್ತು ಆಗಸ್ಟ್ ಕಂತುಗಳಿಗೆ ಖಾತೆಯಲ್ಲಿ ಹಣ ಇಡಲಿಲ್ಲ. ಇದು ನನ್ನ ತಪ್ಪು. ಸರಕು ಕೆಟ್ಟದ್ದಾದರೆ ಅದು ಅಂಗಡಿಯೊಡನೆ ಆಡಬೇಕಾದ ಜಗಳ. ಸಾಲ ಕೊಟ್ಟದ್ದು ಬೇರೆ ಸಂಸ್ಥೆಯಾದ್ದರಿಂದ ಕಂತು ನಿಲ್ಲಿಸಿದರೆ ನಾವೇ ಬಾಕಿದಾರರಾಗುತ್ತೇವೆ.

ವಸೂಲಿಗೆ ಬಂದ ಯುವಕ ಸೌಜನ್ಯದವನೇ ಆಗಿದ್ದ. ಜುಲೈ ಕಂತಿನ ₹3,500 ಮತ್ತು ಬೌನ್ಸ್ ಶುಲ್ಕದ ₹590 ನಗದಾಗಿ ಪಡೆದು, ಫೋನಿನ ಪರದೆಯಲ್ಲಿ ಹಸಿರು ಗುರುತು ತೋರಿಸಿದ. ರಸೀದಿ ಕೇಳಿದ್ದಕ್ಕೆ, "ಈಗ ಎಲ್ಲಾ ಪೇಪರ್‌ಲೆಸ್ ಸಾರ್, ಮೆಸೇಜ್ ಬರುತ್ತೆ" ಎಂದ. ನನ್ನ ಹೆಂಡತಿ ಒಳಗಿನಿಂದ ಹಾಲಿನ ಲೆಕ್ಕದ ಪುಸ್ತಕ ತಂದು, ತಾರೀಕು ಮತ್ತು ಮೊತ್ತ ಬರೆದು, "ಒಂದು ಸಹಿ ಹಾಕಿ ಹೋಗಪ್ಪ" ಎಂದಳು. ಅವನು ನಗುತ್ತಲೇ ಹಾಕಿದ. ಆಗಸ್ಟ್ ಕಂತಿಗೆ ಅವನು ಬಂದಾಗ ಅವಳು ತವರಿಗೆ ಹೋಗಿದ್ದಳು. ನಾನು ಹಸಿರು ಗುರುತು ನೋಡಿ ಹಣ ಕೊಟ್ಟು ಕಳುಹಿಸಿದೆ.

ಅಕ್ಟೋಬರ್‌ನಲ್ಲಿ ಬೇರೊಬ್ಬ ಬಂದು ಎರಡೂ ಕಂತು ಬಾಕಿಯಿದೆ ಎಂದ. ಅವನ ಪರದೆಯಲ್ಲಿ ಹಾಗೆಯೇ ಇತ್ತು. ಮೊದಲಿನವನು ಕೆಲಸ ಬಿಟ್ಟಿದ್ದನಂತೆ. ಹಸಿರು ಗುರುತು ಹಣ ಜಮೆಯಾದದ್ದರ ಗುರುತೋ, ಭೇಟಿ ಮುಗಿದದ್ದರ ಗುರುತೋ ನನಗೆ ಇಂದಿಗೂ ತಿಳಿದಿಲ್ಲ. ಸಂಸ್ಥೆಯ ದಾಖಲೆಯನ್ನು ಸಂಸ್ಥೆಯವರೇ ಬರೆದು, ಅವರೇ ಇಟ್ಟುಕೊಂಡು, ಅವರೇ ತೋರಿಸುವಾಗ ಅದರ ಒಂದು ಪ್ರತಿಯೂ ನಮ್ಮ ಕೈಯಲ್ಲಿಲ್ಲದಿದ್ದರೆ ನಾವು ಹೇಳಿದ್ದು ಬರೀ ಮಾತಾಗಿ ಉಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಕರೆಗಳು ಶುರುವಾದವು. ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ ಎಂದು ಹೇಳಿದ ಮೇಲೆ ಅವು ನಿಂತವು.

2025ರ ಮಾರ್ಚ್‌ನಲ್ಲಿ ಬ್ಯಾಂಕಿನ ಮ್ಯಾನೇಜರ್ ತಮ್ಮ ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ ನನ್ನ ಸಾಲದ ಇತಿಹಾಸವಿರುವ ಸಿಬಿಲ್ ವರದಿ ತೋರಿಸಿದಾಗ ಮಗಳು ಪಕ್ಕದಲ್ಲೇ ಕುಳಿತಿದ್ದಳು. ತಿಂಗಳುಗಳ ಸಾಲಿನಲ್ಲಿ ಬಾಕಿಯ ದಿನಗಳು 30, 60, 90 ಎಂದು ಏರುತ್ತಾ ಹೋಗಿದ್ದವು. ಆ ಹೊತ್ತಿನಲ್ಲಿ ಅವಳ ಮುಖ ನೋಡುವುದು ನನಗೆ ಬಹಳ ಕಷ್ಟವಾಯಿತು.

ನಾವು ಮೊದಲು ಸಂಸ್ಥೆಯ ದೂರು ಪರಿಹಾರ ಅಧಿಕಾರಿಗೆ, ಹಾಲಿನ ಪುಸ್ತಕದ ಆ ಪುಟದ ಚಿತ್ರದೊಂದಿಗೆ, ಬರಹದಲ್ಲಿ ದೂರು ಕೊಟ್ಟೆವು. 30 ದಿನ ಉತ್ತರ ಬರದಿದ್ದಾಗ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ದಾಖಲಿಸಿದೆವು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. ಆ ಬಳಿಕ ಸಂಸ್ಥೆಯು ಸಹಿ ಇದ್ದ ಜುಲೈ ಕಂತನ್ನು ಒಪ್ಪಿಕೊಂಡಿತು. ಆಗಸ್ಟ್ ಕಂತಿಗೆ ನಮ್ಮಲ್ಲಿ ಏನೂ ಇರಲಿಲ್ಲ. ಮಗಳ ಪ್ರವೇಶದ ದಿನ ಹತ್ತಿರವಾಗುತ್ತಿದ್ದುದರಿಂದ ಅದನ್ನು ಮತ್ತೆ ಕಟ್ಟಿದೆವು.

ನೀವು ಈಗಾಗಲೇ ಇಂಥ ಸಾಲ ಮಾಡಿದ್ದರೆ, ಸಂಸ್ಥೆಯಲ್ಲಿ ನೋಂದಾಯಿತವಾಗಿರುವ ಸಂಖ್ಯೆ ನಿಮ್ಮದೇ ಎಂಬುದನ್ನು ಇಂದೇ ಖಚಿತಪಡಿಸಿಕೊಳ್ಳಿ. ಕರಾರು ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟನ್ನು ತರಿಸಿಕೊಂಡು ಮುದ್ರಿಸಿಡಿ. ಮನೆಗೆ ಬಂದವರ ಕೈಗೆ ನಗದು ಕೊಡುವ ಬದಲು ಸಂಸ್ಥೆಯ ಖಾತೆಗೇ ಪಾವತಿಸಿ. ಕೊಡಲೇಬೇಕಾಗಿ ಬಂದರೆ, ಸಂದೇಶ ನಿಮ್ಮ ಫೋನಿಗೆ ಬರುವವರೆಗೆ ಅವರನ್ನು ಜಗಲಿಯಲ್ಲಿ ಕೂರಿಸಿಕೊಳ್ಳಿ, ಗುರುತಿನ ಚೀಟಿಯ ಚಿತ್ರ ತೆಗೆದುಕೊಳ್ಳಿ, ಸಹಿ ಹಾಕಿಸಿಕೊಳ್ಳಿ. ಸ್ವಸಹಾಯ ಗುಂಪಿನ ಹೆಂಗಸರು ಮೈಕ್ರೋಫೈನಾನ್ಸ್ ಸಾಲದ ಕಾರ್ಡಿನಲ್ಲಿ ಪ್ರತಿ ಕಂತನ್ನೂ ಬರೆಸಿಕೊಳ್ಳಬೇಕು. ಅದು ಅವರ ಹಕ್ಕು, ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲೇ ಬಂದದ್ದು. ಸಾಲದ ಇತಿಹಾಸದ ಪೂರ್ಣ ವರದಿಯನ್ನು ಸಿಬಿಲ್ ಸೇರಿದಂತೆ ಸಾಲದ ಮಾಹಿತಿ ಇಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡುತ್ತವೆ. ತಪ್ಪು ಕಂಡು ದೂರು ಕೊಟ್ಟ ಮೇಲೆ 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ ₹100 ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ನಮ್ಮ ವರದಿಯಲ್ಲಿ ಜುಲೈ ಕಂತಿನ ಬಾಕಿ ಅಳಿಸಿಹೋಗಿದೆ. ಆಗಸ್ಟ್ ಕಂತಿನದು ಹಾಗೆಯೇ ಉಳಿದಿದೆ. ಹಾಲಿನ ಪುಸ್ತಕವನ್ನು ಮನೆಯ ಪತ್ರಗಳಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ.