ನಾಲ್ಕು ಟಕ್ಸಿನ ರವಿಕೆಯ ಕಾಗದದ ಕಟಿಂಗ್: ಮೂರನೆಯ ಸಲ ಹೊಲಿದ ಮೇಲೆ

ಶಿರಸಿಯ ಸಿ.ಪಿ. ಬಜಾರಿನಲ್ಲಿ ದಾರ, ಕೊಕ್ಕೆ, ಲೈನಿಂಗ್ ಬಟ್ಟೆ ಮಾರುವ ಅಂಗಡಿಯೊಂದರಿಂದ 180 ರೂಪಾಯಿಗೆ ತಂದ, 36 ಇಂಚಿನ ಎದೆಯಳತೆಯ ರವಿಕೆಯ ಕಾಗದದ ಕಟಿಂಗ್, ಅಂದರೆ ಬಟ್ಟೆಯ ಮೇಲೆ ಹಾಸಿ ಕತ್ತರಿಸುವ ಕಾಗದದ ಮಾದರಿಯ ಬಗ್ಗೆ ಈ ಬರಹ. ಮೊದಲ ರವಿಕೆ ಹೊಲಿದ ದಿನವೇ ಬರೆಯಬಹುದಾಗಿತ್ತು. ಆದರೆ ಒಂದು ರವಿಕೆ ಮೈಗೆ ಕೂತರೆ ಅದು ಬಟ್ಟೆಯ ಗುಣವೋ ಕಟಿಂಗಿನ ಗುಣವೋ ಹೇಳಲಾಗದು. ಅದೇ ಕಾಗದವನ್ನು ಬೇರೆ ಬಟ್ಟೆಯ ಮೇಲೆ ಹಾಸಿ ಮತ್ತೆ ಕತ್ತರಿಸಿದಾಗಲೇ ಅದರ ನಿಜವಾದ ಬೆಲೆ ತಿಳಿಯುತ್ತದೆ. ನಾನು ಇದನ್ನು ಮೊದಲು 2×2 ರುಬಿಯಾ ಎಂಬ ತೆಳು ರವಿಕೆ ಬಟ್ಟೆಯಲ್ಲಿ, ಆಮೇಲೆ ಲೈನಿಂಗ್ ಕೊಟ್ಟ ರೇಷ್ಮೆಯಲ್ಲಿ, ಈಗ ಗುಳೇದಗುಡ್ಡದ ಖಣದಲ್ಲಿ ಹೊಲಿದಿದ್ದೇನೆ.

ಮನೆಯಲ್ಲೇ ಹೊಲಿಯುವುದಕ್ಕೆ ಕಾರಣವಾದದ್ದು 2024ರ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಈ ಜಾತ್ರೆಯ ಹೊತ್ತಿಗೆ ಹೊಲಿಗೆಯವರಿಗೆ ಬಿಡುವಿರುವುದಿಲ್ಲ. ಆ ಸಲ ನಾನು ಅಳತೆ ರವಿಕೆಯನ್ನು ಜೊತೆಗೇ ಕೊಟ್ಟಿದ್ದರೂ, ಹೊಲಿದು ಬಂದ ರವಿಕೆ ಕಂಕುಳಲ್ಲಿ ಬಿಗಿದು ಕೈ ಎತ್ತಲಾಗದಂತಿತ್ತು. ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಬಟ್ಟೆಯನ್ನೂ ಬಿಟ್ಟಿರಲಿಲ್ಲ. ಬಿಡಕಿ ಬೈಲಿಗೆ ದೇವಿಯ ದರ್ಶನಕ್ಕೆ ಹೋದದ್ದು ಹಳೆಯ ರವಿಕೆಯಲ್ಲೇ. ಆಯಿಯ ಕಾಲದ ಕಾಲುಮಶಿನ್ನನ್ನು ಅಟ್ಟದಿಂದ ಇಳಿಸಿ, ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿದ್ದು ಆ ಬೇಸರದಲ್ಲಿ.

ಈ ಕಟಿಂಗಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕಂಕುಳ ಸುತ್ತಿನ ಆಕಾರ. ಮುಂಭಾಗದ ಸುತ್ತನ್ನು ಹಿಂಭಾಗಕ್ಕಿಂತ ಅರ್ಧ ಇಂಚು ಹೆಚ್ಚು ಒಳಗೆ ತೆಗೆದಿದ್ದಾರೆ. ತೋಳಿನ ತುಂಡಿನಲ್ಲಿಯೂ ಮುಂದಿನ ಬದಿ ಯಾವುದು, ಹಿಂದಿನದು ಯಾವುದು ಎಂದು ಕಚ್ಚು ಹಾಕಿ ತೋರಿಸಿದ್ದಾರೆ. ಕೈ ಮುಂದಕ್ಕೆ ಚಾಚಿದಾಗ ಬೆನ್ನಿನ ಕಡೆ ಬಟ್ಟೆ ಬೇಕು, ಎದೆಯ ಕಡೆ ಉಳಿದ ಬಟ್ಟೆ ಸುಕ್ಕಾಗುತ್ತದೆ. ಆ ಲೆಕ್ಕವನ್ನು ತಿಳಿದವರು ಬರೆದ ಗೆರೆ ಇದು. ಎದೆಯ ಆಕಾರಕ್ಕಾಗಿ ಬಟ್ಟೆಯನ್ನು ಮಡಿಸಿ ಹೊಲಿಯುವ ನಾಲ್ಕು ಟಕ್ಸುಗಳೂ, ಅಂದರೆ ಕೆಳಗಿನದು, ಪಕ್ಕದ್ದು, ಕಂಕುಳದ್ದು ಮತ್ತು ಕೊಕ್ಕೆ ಪಟ್ಟಿಯ ಕಡೆಯದು, ಎದೆಯ ತುದಿಯನ್ನು ಮುಟ್ಟದೆ ಸುಮಾರು ಮುಕ್ಕಾಲು ಇಂಚು ಹಿಂದೆಯೇ ನಿಲ್ಲುತ್ತವೆ. ಹಾಗಾಗಿ ಎದೆಯ ಭಾಗ ಮೊನಚಾಗದೆ ದುಂಡಗೆ ಕೂರುತ್ತದೆ. ಮೂರು ಬಟ್ಟೆಗಳಲ್ಲಿಯೂ ಈ ಎರಡು ಸಂಗತಿಗಳು ಒಂದೇ ರೀತಿ ಬಂದವು. ಇದಕ್ಕಾಗಿಯೇ ನಾನು ಈ ಕಾಗದವನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತೇನೆ.

ಹಾಗೆಂದು ಯಾವುದನ್ನೂ ತಿದ್ದದೆ ಹೊಲಿಯಬಹುದೆಂದು ಹೇಳಲಾರೆ. ಹಿಂಗೊರಳು ನನಗೆ ತೀರ ಅಗಲ; ರುಬಿಯಾದಲ್ಲಿ ಹೇಗೋ ನಿಂತ ಭುಜ ರೇಷ್ಮೆಯಲ್ಲಿ ಜಾರತೊಡಗಿತು. ಈ ಸಲ ಭುಜದ ಕಡೆ ಎರಡೂ ಬದಿಗೆ ಕಾಲು ಇಂಚು ಸೇರಿಸಿಕೊಂಡ ಮೇಲೆ ಸರಿಯಾಯಿತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಹೊಲಿಗೆಗೆ ಬಿಡಬೇಕಾದ ಬಟ್ಟೆ ಕಾಗದದ ಗೆರೆಯೊಳಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಎಲ್ಲಿಯೂ ಕನ್ನಡದಲ್ಲಿ ಬರೆದಿಲ್ಲ. ಸೂಚನೆಗಳೆಲ್ಲ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ನಮ್ಮ ಊರಿನ ಪೇಟೆಯಲ್ಲಿ ಮಾರುವ, ನಮ್ಮ ಹೆಣ್ಣುಮಕ್ಕಳು ಕೊಳ್ಳುವ ವಸ್ತುವಿನ ಮೇಲೆ ನಾಲ್ಕು ಸಾಲು ಕನ್ನಡ ಇರಲೇಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಗದವನ್ನು ಟೇಪಿನಿಂದ ಅಳೆದ ಮೇಲೆ, ಭುಜಕ್ಕೂ ಕಂಕುಳಿಗೂ ಅರ್ಧ ಇಂಚು ಸೇರಿದೆ, ಪಕ್ಕಕ್ಕೆ ಏನೂ ಸೇರಿಲ್ಲ ಎಂದು ತಿಳಿಯಿತು. ಪಕ್ಕದಲ್ಲಿ ಒಂದೂವರೆ ಇಂಚು ಬಿಟ್ಟು ಕತ್ತರಿಸಿದರೆ ಮುಂದೆ ಮೈ ತುಂಬಿದಾಗಲೂ ರವಿಕೆ ಉಪಯೋಗಕ್ಕೆ ಬರುತ್ತದೆ.

ಖಣದ ಮೇಲೆ ಇದೇ ಕಟಿಂಗ್ ಹಾಸುವವರು ಒಂದು ವಿಷಯವನ್ನು ಗಮನಿಸಬೇಕು. ಖಣದ ಪನ್ನ (ಬಟ್ಟೆಯ ಅಗಲ) ಕಿರಿದು, ಎರಡೂ ಬದಿಗೆ ಅಂಚು. ಬಟ್ಟೆಯ ಉದ್ದದ ಎಳೆಯ ದಿಕ್ಕನ್ನು ತೋರಿಸುವ, ಕಾಗದದ ಮೇಲಿನ ಬಾಣದ ಗುರುತನ್ನು ಎಲ್ಲ ತುಂಡುಗಳಿಗೂ ಪಾಲಿಸಿದರೆ ತೋಳಿನ ಕೊನೆಗೆ ಅಂಚು ಬರುವುದೇ ಇಲ್ಲ. ಅಂಚಿಲ್ಲದ ತೋಳಿನ ಖಣಕ್ಕೆ ಏನು ಚೆಂದ? ಆದ್ದರಿಂದ ತೋಳಿನ ತುಂಡನ್ನು ಮಾತ್ರ ಅಡ್ಡಕ್ಕೆ ತಿರುಗಿಸಿ, ಅದರ ಕೆಳಗೆರೆಯನ್ನು ಅಂಚಿಗೆ ಕೂಡಿಸಿ ಇಟ್ಟೆ. ಎರಡು ತೋಳಿಗೆ ಎರಡು ಬದಿಯ ಅಂಚುಗಳು ಸರಿಹೋದವು. ಮುಂಭಾಗ, ಹಿಂಭಾಗಗಳನ್ನು ಬಾಣದ ಪ್ರಕಾರವೇ ಇಟ್ಟೆ. ಖಣದ ಎಳೆ ಕತ್ತರಿಸಿದ ಕೂಡಲೇ ಬಿಡತೊಡಗುವುದರಿಂದ, ತುಂಡುಗಳನ್ನು ಲೈನಿಂಗಿನ ಮೇಲೆ ಇಟ್ಟು ಸುತ್ತಲೂ ಕಚ್ಚಾ ಹೊಲಿಗೆ ಹಾಕಿದ ಮೇಲೆಯೇ ಟಕ್ಸ್ ಹಿಡಿದೆ.

ಲೈನಿಂಗ್ ಬಟ್ಟೆಯನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕೆಂದು ಆಯಿ ಹೇಳುತ್ತಿದ್ದರು. ಹತ್ತಿಯ ಬಟ್ಟೆ ನೂರಕ್ಕೆ ಮೂರರಷ್ಟು ಕುಗ್ಗಿದರೂ 36 ಇಂಚಿನ ಸುತ್ತಿನಲ್ಲಿ ಒಂದು ಇಂಚಿಗಿಂತ ಹೆಚ್ಚು ಹೋಗುತ್ತದೆ. ಎರಡನೆಯ ರವಿಕೆಗೆ ಅವಸರದಲ್ಲಿ ಈ ಕೆಲಸ ಬಿಟ್ಟಿದ್ದರಿಂದ, ಮೊದಲ ಒಗೆತಕ್ಕೇ ಒಳಗಿನ ಬಟ್ಟೆ ಕುಗ್ಗಿ ಮೇಲಿನ ರೇಷ್ಮೆ ಗುಳ್ಳೆಯೆದ್ದಿತು. ಅದರಲ್ಲಿ ಕಟಿಂಗಿನ ತಪ್ಪೇನೂ ಇಲ್ಲ.

ಕಾಗದದ ಬಾಳಿಕೆಯನ್ನೂ ಹೇಳಬೇಕು. ದಪ್ಪ ಕಾಗದವೇ ಆದರೂ ಶಿರಸಿಯ ಜೂನ್, ಜುಲೈ ತಿಂಗಳ ಥಂಡಿಯನ್ನು ಅದು ತಡೆಯಲಿಲ್ಲ. ಮಡಚಿಟ್ಟ ಕಡೆ ಬೂಸ್ಟು ಹಿಡಿಯಿತು, ಕಂಕುಳ ಸುತ್ತಿನ ಮೇಲೆ ಬಿದ್ದ ಮಡಿಕೆಯಿಂದ ಗೆರೆ ಸೊಟ್ಟಗಾಯಿತು. ಈಗ ಪ್ರತಿ ತುಂಡನ್ನೂ ಹಳೆಯ ಕ್ಯಾಲೆಂಡರಿನ ನುಣುಪು ಹಾಳೆಯ ಮೇಲೆ, ನಾನು ಮಾಡಿಕೊಂಡ ತಿದ್ದುಪಡಿಗಳ ಸಮೇತ ಬರೆದು ಕತ್ತರಿಸಿ, ತೂತು ಮಾಡಿ ದಾರ ಪೋಣಿಸಿ, ಬಚ್ಚಲ ಒಲೆಯ ಹಿಂದಿನ ಬೆಚ್ಚನೆಯ ಗೋಡೆಯ ಮೊಳೆಗೆ ನೇತುಹಾಕಿದ್ದೇನೆ. ಕೊಂಡ ದಿನವೇ ಹೀಗೆ ನಕಲು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಎದೆಯಳತೆ 36 ಇಂಚಿನ ಆಸುಪಾಸಿನಲ್ಲಿದ್ದು, ನೇರ ಹೊಲಿಗೆ ಹಾಕಲು ಬರುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಮೊದಲ ಸಲ ಹಳೆಯ ಪಂಚೆಯ ಬಟ್ಟೆಯಲ್ಲಿ ಹೊಲಿದು, ಹಾಕಿ ನೋಡಿ, ಆಮೇಲೆ ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕಲಿ. ಅತ್ತಿಗೆಗೆ ನನ್ನ ಖಣದ ರವಿಕೆಯ ತೋಳು ಬಹಳ ಮೆಚ್ಚಿಗೆಯಾಗಿ, ಅವರ ಅಳತೆಯ 38ರ ಕಟಿಂಗನ್ನು ಅದೇ ಅಂಗಡಿಯಿಂದ ತರಿಸಿದ್ದೇನೆ. ಅದರ ಹಿಂಗೊರಳೂ ಅಗಲವಾಗಿಯೇ ಇದೆ. ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಕಾಲು ಇಂಚು ಸೇರಿಸಿ ಗೆರೆ ಎಳೆದಿಟ್ಟಿದ್ದೇನೆ.